ಇಟ್ಟುಕೋ ಎಂದ ಅರಸ

ಬಹಳ ಹಿಂದೆ, ದೇವರ ದಯೆಯಿಂದ ಮಳೆ ಬೆಳೆ ಚೆನ್ನಾಗಿದ್ದ ಹೊನ್ನಸಿರಿ ರಾಜ್ಯದಲ್ಲಿ ಚೆಂದವರ್ಮನೆಂಬ ಎಳೆಯ ಅರಸನಿದ್ದ. ಸೆರೆಮನೆಯ ಗೋಳೆಂದರೆ ಅವನಿಗೆ ಬೇಸರ. ಒಂದು ದಿನ ಎಣ್ಣೆಗಾಣಗಳ ಒಡೆಯ, ಮಾಂತ್ರಿಕ ಕಾಳಕೇತ ಬಂದ. "ಸೆರೆಮನೆಯನ್ನು ನನಗೆ ಗುತ್ತಿಗೆ ಕೊಡಿ ಪ್ರಭು, ನಿಮಗೇಕೆ ಆ ತಲೆನೋವು?" ಎಂದ. ಅರಸ ಪಗಡೆಯಿಂದ ತಲೆಯೆತ್ತದೆ, "ಸರಿ, ಸೆರೆಯಾಳುಗಳನ್ನೂ ಇಟ್ಟುಕೋ" ಎಂದುಬಿಟ್ಟ. 'ನೋಡಿಕೋ' ಎನ್ನಬೇಕಿತ್ತು.

ಅಂದಿನಿಂದ ಒಳಗೆ ಹೋದವರು ಹೊರಗೆ ಬರಲಿಲ್ಲ.

ಕುಂಬಾರರ ನಿಂಬವ್ವ ಆಸ್ಥಾನಕ್ಕೆ ಬಂದಳು. "ನನ್ನ ಗಂಡ ಮಾರಂಕ ಅರಮನೆ ತೋಟದ ಹಲಸು ಕದ್ದ. ನೀವು ಶಿಕ್ಷೆ ಕೊಟ್ಟಿರಿ, ಒಪ್ಪಿದೆ. ಅವಧಿ ಮುಗಿದು ಯಾವ ಕಾಲವಾಯಿತು! ಅವನ ಗೊರಕೆಗೆ ನಾಯಿಯೂ ಜಗಲಿ ಬಿಟ್ಟು ಓಡುತ್ತಿತ್ತು ಬುದ್ಧಿ. ಅಂಥವನನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ?"

ಆ ಮಾತಿಗೆ ಸಭೆ ನಕ್ಕಿತು. ಅರಸನಿಗೆ ಮಾತ್ರ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ದೇವರಿಗೆ ಕೈಮುಗಿದು ಅವಳ ಜೊತೆ ಸೆರೆಮನೆಗೆ ಹೊರಟ.

ಮೊದಲ ಬಾಗಿಲಲ್ಲಿ ಕಾಳಕೇತ ಕಾವಲಿಟ್ಟಿದ್ದ ಹುಲಿ ಕೇಳಿತು: "ಈ ಬೀಗ ಯಾರದು?"

"ಕಾಳಕೇತನದು." ಬಾಗಿಲು ಕದಲಲಿಲ್ಲ. ಅರಸನ ಮುಖ ಕೆಂಪಾಯಿತು. "ನನ್ನದು." ತೆರೆಯಿತು.

ಎರಡನೆಯದರಲ್ಲಿ ಹೆಬ್ಬಾವು: "ಒಳಗಿರುವವರು ಯಾರವರು?"

"ನನ್ನವರು," ಪಿಸುಗುಟ್ಟಿದ.

"ಕೇಳಿಸಲಿಲ್ಲಪ್ಪ."

"ನನ್ನವರು!"

ಆ ಬಾಗಿಲೂ ತೆರೆಯಿತು. ತೆರೆದೇ ಇದ್ದ ಮೂರನೆಯ ಬಾಗಿಲಾಚೆ ಗಾಣಗಳು ತಿರುಗುತ್ತಿದ್ದವು. ಎಳೆಯುತ್ತಿದ್ದ ಎತ್ತುಗಳಿಗೆ ಮನುಷ್ಯರ ಕಣ್ಣು. ಒಂದು ಎತ್ತು ನಿಂಬವ್ವನ ಕೈ ನೆಕ್ಕಿತು. ಕಾಳಕೇತ ನಕ್ಕ. "ಇಟ್ಟುಕೋ ಅಂದವನು ನೀನೇ ತಾನೆ? ಅರಸನ ಮಾತು ಹಿಂದಕ್ಕೆ ಬರಬೇಕಾದರೆ ಅರಸ ಇವರ ಕಾಲಿಗೆ ಬೀಳಬೇಕು. ಕಳ್ಳರ ಕಾಲಿಗೆ ಬೀಳುತ್ತೀಯೇನೋ?"

ಚೆಂದವರ್ಮ ಸಗಣಿ ನೆಲದಲ್ಲೇ ಅಡ್ಡಬಿದ್ದ. "ನಿಮ್ಮನ್ನು ಶಿಕ್ಷಿಸುವ ಹಕ್ಕು ನನಗಿತ್ತು, ಬಿಟ್ಟುಕೊಡುವ ಹಕ್ಕು ಇರಲಿಲ್ಲ. ತಪ್ಪಾಯಿತು."

ನೊಗಗಳು ಮುರಿದವು. ಎತ್ತುಗಳು ಮನುಷ್ಯರಾದವು. ಕಾಳಕೇತ ಒಣಗಿ ಹಿಂಡಿಯಾಗಿ ಉದುರಿಹೋದ.

ಅರಸ ಅಲ್ಲೇ ಕಟ್ಟಳೆ ಸಾರಿದ: "ಕೀಲಿ ಯಾರ ಕೈಲಿದ್ದರೂ ಸೆರೆಯಾಳು ಅರಸನ ಹೊಣೆ. ಅವನ ಬೆವರು ಕಾಯುವವನ ಲಾಭಕ್ಕಲ್ಲ. ಅವಧಿ ಮುಗಿದ ಬೆಳಗ್ಗೆಯೇ ಬಾಗಿಲು ತೆರೆಯಬೇಕು."

ಮಾರಂಕನ ಕತ್ತಿನಲ್ಲಿ ನೊಗದ ಹುಣ್ಣಿತ್ತು. "ನೋಯುತ್ತಿದೆಯೇ?" ಎಂದ ಅರಸ.

"ಎತ್ತಾಗಿದ್ದಾಗ ಗೊತ್ತಾಗ್ತಿರಲಿಲ್ಲ ಬುದ್ಧಿ. ಈಗ ನೋಯ್ತಿದೆ."

ಅರಸ ಬೆಣ್ಣೆ ತರಿಸಿ, ತಲೆ ತಗ್ಗಿಸಿ ತನ್ನ ಕೈಯಾರೆ ಆ ಹುಣ್ಣಿಗೆ ಸವರಿದ. ಆಮೇಲೆ ಅವಧಿ ಮುಗಿದವರೆಲ್ಲರೂ ತಮ್ಮ ತಮ್ಮ ಮನೆ ಸೇರಿ, ಉಂಡುಟ್ಟು ಸುಖವಾಗಿದ್ದರು. ಕರುಣಾಳು ಭಗವಂತ ಅರಸನನ್ನೂ ಕೈಬಿಡಲಿಲ್ಲ.