ಭರಣಿಯ ಕುಂಕುಮ

ವರ್ಣಸಮನ್ವಯ ಯಂತ್ರವು ಮೊದಲ ದೃಶ್ಯವನ್ನು ತಿದ್ದಿ ಮುಗಿಸಿದಾಗ, ಪರದೆಯ ಮೇಲೆ ಬೆಳ್ಳಿ ಬಟ್ಟಲಿನ ಹಾಲು ನೀಲಿಯಾಗಿ ಕಂಡಿತು. ಹಾಲಿನ ಪಕ್ಕದಲ್ಲಿ ಕುಳಿತಿದ್ದ ಭಾಗೀರಥಮ್ಮನವರ ಮುಖವೂ ನೀಲಿಯಾಗಿತ್ತು. ಅವರು ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

ಅವರ ಪತಿ ಪದ್ಮನಾಭಯ್ಯನವರು ನಿವೃತ್ತ ಸಂಸ್ಕೃತ ಮೇಷ್ಟ್ರು. ಮೂವತ್ತು ವರ್ಷಗಳ ನವರಾತ್ರಿ ಪೂಜೆಯ ವಿಡಿಯೊಗಳನ್ನು ಮೈಸೂರಿನ ಈ ಪ್ರಯೋಗಾಲಯಕ್ಕೆ ತಂದಿದ್ದರು. ಒಂದೊಂದು ವರ್ಷ ಒಂದೊಂದು ಕ್ಯಾಮೆರಾ. ಒಂದರಲ್ಲಿ ಹೆಂಡತಿ ಹಳದಿ, ಇನ್ನೊಂದರಲ್ಲಿ ಬೂದಿ. ಅವಳ ನಿಜವಾದ ಮೈಬಣ್ಣ ಯಾವುದೆಂಬುದು ಅವರಿಗೇ ಮರೆಯತೊಡಗಿತ್ತು. ವರ್ಷಾಬ್ದಿಕದೊಳಗೆ ಆ ಮುಖವನ್ನು ಒಮ್ಮೆ ಸರಿಯಾಗಿ ನೋಡಬೇಕೆಂಬುದಷ್ಟೇ ಅವರ ಆಸೆ.

ಯಂತ್ರದ ತತ್ತ್ವ ಸರಳ. ಚಿತ್ರೀಕರಣಕ್ಕೆ ಮುನ್ನ ಬಣ್ಣದ ಚೌಕಗಳಿರುವ ಫಲಕವೊಂದನ್ನು ಕ್ಯಾಮೆರಾದ ಮುಂದೆ ಹಿಡಿಯುತ್ತಾರೆ. ಚೌಕಗಳ ನಿಜವಾದ ಬಣ್ಣ ಯಂತ್ರಕ್ಕೆ ಗೊತ್ತು. ದೃಶ್ಯದಲ್ಲಿ ಅವು ಎಷ್ಟು ಕೆಟ್ಟಿವೆಯೋ ಅಷ್ಟು ದೋಷವನ್ನು ಇಡೀ ದೃಶ್ಯದಿಂದ ಕಳೆಯುತ್ತದೆ. ಆದರೆ ದೇವರ ಮನೆಯಲ್ಲಿ ಫಲಕ ಹಿಡಿಯುವವರು ಯಾರು? ಎಲ್ಲ ದೃಶ್ಯಗಳಲ್ಲೂ ಬಣ್ಣ ಬದಲಾಗದ ವಸ್ತುವೇನಾದರೂ ಇದೆಯೇ ಎಂದು ವಿಜ್ಞಾನಿ ಶಾರ್ವರಿ ಕೇಳಿದ್ದಳು. ಮೇಷ್ಟ್ರು ಮರುದಿನವೇ ಕುಂಕುಮದ ಭರಣಿಯನ್ನು ತಂದುಕೊಟ್ಟಿದ್ದರು. ಅಂಗಡಿಯ ಕುಂಕುಮ ದೇವಿಯನ್ನು ಮುಟ್ಟಕೂಡದೆಂಬುದು ಅವರ ನಿಯಮ. ಭಾಗೀರಥಮ್ಮನವರು ಪ್ರತಿ ವರ್ಷ ಅರಿಶಿನಕ್ಕೆ ನಿಂಬೆರಸ, ಬಿಳಿಗಾರ ಬೆರೆಸಿ, ನೆರಳಿನಲ್ಲಿ ಒಣಗಿಸಿ ತಾವೇ ಕುಟ್ಟುತ್ತಿದ್ದರು. ಅವರ ಕೈಯ ಕೆಲಸವೆಂದು ಉಳಿದದ್ದು ಈಗ ಆ ಭರಣಿಯೊಂದೇ.

ಆ ಕುಂಕುಮವನ್ನೇ ಆಧಾರವಾಗಿಟ್ಟು ಯಂತ್ರ ನಡೆಸಿದಾಗ ಕೊನೆಯ ನಾಲ್ಕು ವರ್ಷಗಳ ದೃಶ್ಯಗಳು ಮಾತ್ರ ಸರಿಹೋದವು. ಉಳಿದವೆಲ್ಲ ನೀಲಿ.

"ಮೇಷ್ಟ್ರೇ, ಪರೀಕ್ಷೆ ಮಾಡಿ ನೋಡ್ದೆ, ಭರಣಿಯಲ್ಲಿರೋದ್ರಲ್ಲಿ ಅರಿಶಿನವೇ ಇಲ್ಲ. ಕಾರ್ಖಾನೆ ಬಣ್ಣ," ಎಂದಳು ಶಾರ್ವರಿ. "ನಮ್ಮ ಕಣ್ಣಿಗೆ ಇದೂ ಹಳೇ ವರ್ಷಗಳ ಕುಂಕುಮವೂ ಒಂದೇ ಕೆಂಪು. ಯಂತ್ರಕ್ಕೆ ಬೇರೆ ಬೇರೆ."

"ನಿಮ್ಮ ಯಂತ್ರಕ್ಕೆ ಮಡಿ ಮೈಲಿಗೆ ಗೊತ್ತಿಲ್ಲ ತಾಯಿ. ಅದು ಅವಳು ಕೈಯಾರೆ ಕುಟ್ಟಿದ್ದು."

ಶಾರ್ವರಿ ಮತ್ತೆ ದೃಶ್ಯಗಳತ್ತ ತಿರುಗಿದಳು. ನೈವೇದ್ಯದ ಹಾಲು ಎಲ್ಲ ವರ್ಷವೂ ಇತ್ತಲ್ಲ. ಆ ಬಿಳುಪನ್ನೇ ಆಧಾರವಾಗಿಟ್ಟು ಯಂತ್ರವನ್ನು ಮತ್ತೆ ನಡೆಸಿದಳು. ಗೋಧಿಬಣ್ಣದ ಮುಖವೊಂದು ಮೂವತ್ತು ವರ್ಷವೂ ಬಣ್ಣ ಬದಲಾಗದೆ ಪರದೆಯ ಮೇಲೆ ಮೂಡಿತು. ಮೇಷ್ಟ್ರು ಕೈಮುಗಿದರು.

ಕೊನೆಯ ನಾಲ್ಕು ವರ್ಷಗಳಲ್ಲಿ ಹೆಂಡತಿಯ ಬಲಗೈ ಸದಾ ಸೆರಗಿನೊಳಗಿತ್ತು. ಒಮ್ಮೆ ಮಾತ್ರ ಗಂಟೆ ಎತ್ತಲು ಹೊರಬಂದ ಆ ಕೈ ಗಡಗಡ ನಡುಗಿತು. ದೃಶ್ಯದೊಳಗಿನ ಪದ್ಮನಾಭಯ್ಯನವರು ಆಗ ದೇವಿಯ ಕಡೆ ಮುಖಮಾಡಿ ಕುಳಿತಿದ್ದರು.

ಮರುದಿನ ಬೆಳಿಗ್ಗೆ ಅವರು ಬೀದಿಯ ಕೊನೆಯಲ್ಲಿ ಪೂಜಾ ಸಾಮಾನು ಮಾರುವ ಗ್ರಂಧಿಗೆ ಅಂಗಡಿಗೆ ಹೋಗಿ ಭರಣಿ ತೋರಿಸಿದರು. ಅಂಗಡಿಯ ಚನ್ನಬಸಪ್ಪ ಅದು ತನ್ನಲ್ಲಿಯ ಕುಂಕುಮವೆಂದು ಒಮ್ಮೆಗೇ ಗುರುತಿಸಿದ.

"ಅಮ್ಮಾವ್ರು ಚೀಟೀಲಿ ಒಂದು ಚಿಟಿಕೆ ಹಳೇ ಕುಂಕುಮ ಕಟ್ಕೊಂಡು ಬರೋರು ಸ್ವಾಮಿ. ಬಿಸಿಲಲ್ಲಿ ನಿಂತ್ಕೊಂಡು ನನ್ನ ಏಳು ಡಬ್ಬಿ ಜೊತೆಗೂ ಹೊಂದಿಸಿ ನೋಡೋರು. ಅಷ್ಟ್ಯಾಕಮ್ಮ ಅಂದ್ರೆ, ನಮ್ಮೆಜಮಾನ್ರ ಕಣ್ಣು ಬಲು ಚುರುಕು ಕಣಪ್ಪ ಅನ್ನೋರು."

ಪದ್ಮನಾಭಯ್ಯನವರು ಭರಣಿಯ ಮುಚ್ಚಳ ಮುಚ್ಚಿದರು. ಆಮೇಲೆ, ದೇವಿಗೆ ಬೇಕು, ಅದೇ ಕುಂಕುಮದಲ್ಲಿ ನೂರು ಗ್ರಾಂ ಕಟ್ಟಿಕೊಡು ಎಂದರು.