ಅಡಿವೆವ್ವನ ಬಾಯಿ

"ನಾ ಕರದ ದಿನ ಬರ್ತೀಯಿಲ್ಲೋ?" ಎಂದು ಸಾಯುವ ಹೊತ್ತಿನಲ್ಲಿ ಅತ್ತೆ ಅಡಿವೆವ್ವ ಕೇಳಿದ್ದಳು. ಅವಳ ಅಂಗೈಯ ಮೇಲಿದ್ದ ವೀಳ್ಯದೆಲೆ ಮುಟ್ಟಿ ಸೊಸೆ ಶಿವಬಸವ್ವ, "ಬರ್ತೇನ್ರಿ ಅತ್ತಿ" ಎಂದುಬಿಟ್ಟಿದ್ದಳು. ಅದು ಎಪ್ಪತ್ತೊಂದನೇ ಇಸವಿ.

ಸವಣೂರಿನ ಎಲೆತೋಟದವರು ಅಡಿವೆವ್ವನ ನೆರಳು ಬಿದ್ದ ಬಳ್ಳಿಯನ್ನು ಬುಡಸಮೇತ ಕಿತ್ತೊಗೆಯುತ್ತಿದ್ದರು. ಅವಳ ಮಾಟಕ್ಕೆ ಅಷ್ಟು ಹೆದರಿಕೆ. ಅದಕ್ಕೇ ಮಗ ಕರಬಸಪ್ಪ, ಹೆಣವನ್ನು ಚಕ್ಕಳಮಕ್ಕಳ ಹಾಕಿಸಿ ಹೂಳುವ ಕುಣಿಯಲ್ಲಿ ಕೂಡಿಸುವ ಮೊದಲು ಮಂತ್ರವಾದಿಯೊಬ್ಬನನ್ನು ಕರೆಸಿ, ಬಳ್ಳಿ ಕಟ್ಟುವ ಬಾಳೆನಾರಿನಿಂದಲೇ ಅವಳ ಬಾಯಿ ಹೊಲಿಸಿದ್ದ. "ಇನ್ನ ಆಕಿಗೆ ಬಾಯಿಲ್ಲ. ಯಾರಾದ್ರೂ ಆಕಿಗೆ ತಮ್ಮ ಬಾಯಿ ಕೊಟ್ರ ಮಾತ್ರ ಕರೀತಾಳ" ಎಂದಿದ್ದ ಮಂತ್ರವಾದಿ. ಅಂದಿನಿಂದ ಆ ಮನೆಯಲ್ಲಿ ಯಾರೂ ಶಿವಬಸವ್ವನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಬೇಕಾದರೆ ತಾವೇ ಎದ್ದು ಅವಳಿದ್ದಲ್ಲಿಗೆ ಹೋಗುತ್ತಿದ್ದರು.

ಹನ್ನೊಂದು ವರ್ಷದ ಮೇಲೆ ಕರಬಸಪ್ಪ ಇದನ್ನೆಲ್ಲ ಹೇಳಿ ಮುಗಿಸಿದಾಗ ಡಾಕ್ಟರ್ ವಾದಿರಾಜ ನಕ್ಕ. ಧಾರವಾಡದಿಂದ ಬಂದು ಸವಣೂರಿನಲ್ಲಿ ಮನೋರೋಗದ ದವಾಖಾನೆ ತೆರೆದು ಅವನಿಗಿನ್ನೂ ಮೂರೇ ತಿಂಗಳು.

"ಬಾಯಿ ಹೊಲಸೂದಿತ್ತಂದ್ರ ಜೀವಂತ ಇದ್ದಾಗ ಹೊಲಸಬೇಕಿತ್ರಿ. ಮನಿಯೊಳಗ ಶಾಂತಿ ಇರ್ತಿತ್ತು."

ಕರಬಸಪ್ಪನ ಮುಖ ಸಡಿಲಲಿಲ್ಲ. "ಚ್ಯಾಷ್ಟಿ ಮಾಡ್ರಿ. ಓದಿದವ್ರು. ಮೊನ್ನೆ ಮಲಗಿದ್ದ ಮಗಳ ಬಾಯಾಗ ನನ್ನ ಹೆಂಡ್ತಿ ಅರಿವಿ ಚಿಂದಿ ತುರುಕಿದ್ಲು. ಅತ್ತಿ ಆ ಬಾಯಿಲೆ ಕರೀತಾಳಂತ. ಕೂಸು ಉಳದದ್ದ ಪುಣ್ಯಾ. ಔಷಧ ಕೊಡ್ರಿ, ಸೂಜಿ ಚುಚ್ಚ್ರಿ. ಹೆಸರು ಹಿಡದು ‘ಬಾ’ ಮಾತ್ರ ಅನಬ್ಯಾಡ್ರಿ."

"ಅಂದ್ರ?"

"ನಾ ನಿಮ್ಮನ್ನ ಬಿಡಂಗಿಲ್ಲ."

ರೋಗಿಯ ನಂಬಿಕೆಯನ್ನು ಹಳಿಯಬೇಡ, ಅದರೊಳಗೆ ಹೊಕ್ಕು ಅಲ್ಲಿಂದಲೇ ಬಾಗಿಲು ತೆಗೆ ಎಂದು ವಾದಿರಾಜನಿಗೆ ಗುರುಗಳು ಕಲಿಸಿದ್ದರು. ಒಳಹೊಗುವ ಮೊದಲು ಕೇಳು, ಬೇಡವೆಂದಲ್ಲಿ ನಿಲ್ಲು ಎಂದೂ ಕಲಿಸಿದ್ದರು. ಎರಡನೆಯ ಮಾತು ಅವನಿಗೆ ಅಂಜುಬುರುಕರ ಮಾತಾಗಿ ಕಂಡಿತ್ತು.

ಮಂಗಳವಾರ ಮಧ್ಯಾಹ್ನ. ಕರಬಸಪ್ಪನನ್ನು ಪಡಸಾಲೆಯಲ್ಲೇ ಕೂಡಿಸಿ, ಶಿವಬಸವ್ವನನ್ನು ಒಳಗೆ ಕರೆದೊಯ್ದ. ಅವಳು ಸೆರಗಿನಿಂದ ಬಾಯಿ ಮುಚ್ಚಿ ಕೂತಳು. ಆಯಾ ರಹಿಮಾಬಿ ಇನ್ನೊಂದು ಕುರ್ಚಿ ತಂದಳು.

"ಇದು ಯಾರಿಗ್ರಿ ಸಾಹೇಬ್ರ?"

"ಇವರ ಅತ್ತಿಗೆ. ಚಹಾನೂ ತರ್ತೀಯೇನು?"

"ತೌಬಾ, ತೌಬಾ" ಎನ್ನುತ್ತ ರಹಿಮಾಬಿ ಹೊರಗೋಡಿದಳು.

ವಾದಿರಾಜ ಖಾಲಿ ಕುರ್ಚಿಯನ್ನು ಅವಳೆದುರಿಗೆ ಎಳೆದ. "ಅತ್ತಿ ಇಲ್ಲೇ ಕುಂತಾಳ ಅಂತ ತಿಳಕೋಳ್ರಿ. ‘ನನ್ನ ಬಿಟ್ಟುಬಿಡು’ ಅನ್ರಿ."

"ಆಕಿ ಹ್ಯಾಂಗ ಬಿಟ್ಟೇನಿ ಅಂತಾಳ್ರಿ? ಬಾಯಿಲ್ಲ ಆಕಿಗೆ."

"ಆಕಿ ನನ್ನ ಬಾಯಿ ತಗೊಳ್ಳಲಿ."

ಅವಳ ಕಣ್ಣು ಅಗಲವಾದವು. "ಬ್ಯಾಡ್ರಿ ಸಾಹೇಬ್ರ. ನಿಮ್ಮ ಕಾಲಿಗೆ ಬೀಳ್ತೇನಿ."

ಅವನು ಆ ಕುರ್ಚಿಯಲ್ಲಿ ಕೂತೇಬಿಟ್ಟ. ಅವಳು ಹನ್ನೊಂದು ವರ್ಷ ಅಂಜಿದ್ದನ್ನು ಒಮ್ಮೆ ಎದುರಿಗೇ ಕೇಳಲಿ. ಏನೂ ಆಗದಿದ್ದರೆ ರೋಗ ಅಲ್ಲಿಗೇ ಮುಗಿಯಿತು. ಗಂಟಲು ಸರಿಮಾಡಿಕೊಂಡು, ಮುದುಕಿಯರ ರಾಗ ಎಳೆದು ಅಣಕಿಸಿದ:

"ಶಿವಬಸವ್ವಾ... ಬಾ."

ಏನೂ ಆಗಲಿಲ್ಲ. ಹೊರಗೆ ಟಾಂಗಾ ಹೋದ ಸದ್ದು. ಶಿವಬಸವ್ವ ಬಿಗಿಹಿಡಿದ ಉಸಿರನ್ನು ಮೆಲ್ಲಗೆ ಬಿಟ್ಟಳು. ಸೆರಗು ಜಾರಿತು. ಅವಳ ತುಟಿಯ ಮೇಲೆ ನಂಬಲಾರದ ಸಣ್ಣದೊಂದು ನಗು ಮೂಡಿತು.

"ನೋಡಿದ್ರ್ಯಾ?" ಎನ್ನಲು ವಾದಿರಾಜ ಬಾಯಿ ತೆರೆದ.

"ಶಿವಬಸವ್ವಾ, ಬಾ."

ಅದು ಅವನಾಡಿದ್ದಲ್ಲ.

ಕೋಣೆಯಲ್ಲಿ ಕೊಳೆತ ಎಲೆಯ ನಾತ ಎದ್ದಿತು. ಹಸಿಮಣ್ಣಿನ ವಾಸನೆ. ಹಾಳಾದ ಎಣ್ಣೆಯ ಕಮಟು. ಕಿಟಕಿಯ ಬಿಸಿಲು ಇದ್ದಲ್ಲೇ ಇತ್ತು, ಆದರೆ ನೆಲಕ್ಕೆ ಬೆಳಕು ತಾಗುತ್ತಿರಲಿಲ್ಲ. ವಾದಿರಾಜನ ನಾಲಿಗೆಯ ಮೇಲೆ ಏನೋ ತಣ್ಣಗೆ ಕೂತಿತ್ತು. ಉಗುಳಲು ನೋಡಿದ. ಆಗಲಿಲ್ಲ. ಎರಡೂ ಕೈಯಿಂದ ಬಾಯಿ ಅದುಮಿದ. ದವಡೆ ಕೈಗಳನ್ನೇ ತಳ್ಳಿ ತೆರೆದುಕೊಂಡಿತು.

"ಎಷ್ಟ್ ಕಾಯ್ಲೇ... ಒಬ್ಬಾಕೀನ ಕುಂತೇನಿ. ಬಾ."

ಶಿವಬಸವ್ವನ ನಗು ಅಳಿಸಿಹೋಯಿತು. ಕುರ್ಚಿಯ ಅಂಚು ಹಿಡಿದಳು. ಬೆರಳು ಬಿಳಿಚಿದವು. ಒಂದೊಂದೇ ಬಿಟ್ಟವು.

"ನನ್ನ ಮಗಳು ಸಣ್ಣಾಕಿ ಅದಾಳ್ರೀ ಅತ್ತಿ..."

"ಬಾ."

ಕರಬಸಪ್ಪ ಬಾಗಿಲು ಒದ್ದು ಒಳಬಂದ. ಅವಳು ಹೊರಗೋಡದಂತೆ ಬಾಗಿಲಿಗೆ ಅಡ್ಡ ನಿಂತ. ಅವಳು ಬಾಗಿಲ ಕಡೆ ನೋಡಲೇ ಇಲ್ಲ. ಎದ್ದಳು. ಒಂದು ಹೆಜ್ಜೆ. ಇನ್ನೊಂದು. ವಾದಿರಾಜ ತಲೆ ಅಲ್ಲಾಡಿಸಿದ. ಕಣ್ಣಲ್ಲೇ ಬೇಡ, ಬೇಡ ಎಂದ. ಬಾಯಿ ಮಾತ್ರ ಕರೆಯುತ್ತಲೇ ಇತ್ತು.

"ಬಂದೆನ್ರಿ ಅತ್ತಿ" ಎಂದಳು ಶಿವಬಸವ್ವ.

ಅವನ ಪಾದದ ಬಳಿ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ಕಣ್ಣು ಮುಚ್ಚಿದಳು. ಕರಬಸಪ್ಪ ಭುಜ ಹಿಡಿದು ಎಳೆದಾಗ ಮೈ ತಣ್ಣಗಿತ್ತು. ಮಡಚಿದ ಕಾಲು ಬಿಚ್ಚಲಿಲ್ಲ.

ಕರಬಸಪ್ಪ ತಲೆಯೆತ್ತಿದ. "ಹೊಳ್ಳಿ ಕರೀರಿ. ನೀವ ಕರದ್ರಿ, ನೀವ ಹೊಳ್ಳಿ ಕರೀರಿ! ಕರೀಯಲೇ!"

ವಾದಿರಾಜ ಪ್ರಯತ್ನಿಸಿದ. ತುಟಿ ತುಟಿಗೆ ಅಂಟಿದ್ದವು. ಉಗುರು ಹಾಕಿ ಎಳೆದ. ರಕ್ತ ಬಂತು, ಬಾಯಿ ಬಿಚ್ಚಲಿಲ್ಲ.

ಶಿವಬಸವ್ವ ಅತ್ತೆಗೆ ಕೊಟ್ಟ ಮಾತನ್ನು ನಡೆಸಿಕೊಟ್ಟಳು.