ಮಾಸ್ತರರ ಅರವತ್ತು ಮೊಳ ಹಗ್ಗ

೧೯೮೮ರ ನವೆಂಬರ್ ೧೧, ಶುಕ್ರವಾರ. ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಏಕಸಂಬಿಯ ನಿವೃತ್ತ ಶಿಕ್ಷಕ ವಿರುಪಾಕ್ಷಪ್ಪ ಮಾಸ್ತರರು. ಕಳುವಾದದ್ದು ಹಗ್ಗ. ಪುಂಡಿ ನಾರಿನದು, ಅರವತ್ತು ಮೊಳ.

ಪಿ.ಎಸ್.ಐ. ಭೂಪಾಲ ಮಗದುಮ್ ಪೆನ್ನು ಕೆಳಗಿಟ್ಟರು.

"ಹಗ್ಗಕ್ಕೂ ಎಫ್.ಐ.ಆರ್. ಬೇಕೇನ್ರಿ ಮಾಸ್ತರ್ರ?"

"ಬೇಕ್ರಿ. ನಾಡದ್ದ ರವಿವಾರ ನಾವು ಐದ ಮಂದಿ ಮಾಸ್ತರ್ರು ಸಹ್ಯಾದ್ರಿ ಗುಡ್ಡದ ಗಡಾ ಏರಾಕ ಹೊಂಟೇವಿ. ತುದಿಗೆ ನೆಟ್ಟಗಿನ ಬಂಡೆಗಲ್ಲ ಐತಿ. ಹಗ್ಗ ಇಲ್ಲದ ಏರೂದ ಹೆಂಗ?"

ಮಾಸ್ತರರು ಜೇಬಿನಿಂದ ನಕಾಶೆ ತೆಗೆದು ಮೇಜಿನ ಮೇಲೆ ಹರವಿದರು. ಅಬ್ಬಾ, ಅದೆಂಥ ತಯಾರಿ! ಮೂರು ಬಣ್ಣದ ಪೆನ್ಸಿಲ್ಲಿನಲ್ಲಿ ಹಾದಿ, ಹಳ್ಳ, ಒರತೆ. ನಿಪ್ಪಾಣಿಯಿಂದ ಆರರ ಬಸ್ಸು. ಅವಲಕ್ಕಿ ಯಾರು ಹೊರಬೇಕು, ಕಂದೀಲು ಯಾರು, ಮೊಣಕಾಲಿಗೆ ಹಚ್ಚುವ ಎಣ್ಣೆ ಯಾರು. ಐವರ ವಯಸ್ಸು ಕೂಡಿಸಿದರೆ ಮುನ್ನೂರು ದಾಟುತ್ತಿತ್ತು. ಎರಡು ವರ್ಷದಿಂದ ಈ ಯೋಜನೆ ನಡೆದಿತ್ತಂತೆ. ಮಗದುಮ್ಮರಿಗೆ ಆ ಮುದುಕರ ಮೇಲೆ ಮಮತೆ ಉಕ್ಕಿತು. ದೂರು ಬರೆದುಕೊಂಡರು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ಹಿಂದಿನ ದಿನ ಮಧ್ಯಾಹ್ನ ಮನೆಯವರೆಲ್ಲ ಕಬ್ಬಿನ ಹೊಲಕ್ಕೆ ಹೋಗಿದ್ದರು. ಬಾಗಿಲಿಗೆ ಬರೀ ಚಿಲಕ. ರೇಡಿಯೋ ಇತ್ತು, ತಾಮ್ರದ ಹಂಡೆ ಇತ್ತು. ಪಡಸಾಲೆಯಲ್ಲಿ ಬೆಟ್ಟಕ್ಕೆಂದು ಕಟ್ಟಿಟ್ಟಿದ್ದ ಗೋಣಿಚೀಲದ ತಳದಲ್ಲಿದ್ದ ಹಗ್ಗ ಮಾತ್ರ ಇಲ್ಲ. ಕಳ್ಳ ಕಂದೀಲು, ಬೂಟು, ಅವಲಕ್ಕಿ ಡಬ್ಬಿ ಎಲ್ಲ ಹೊರಗಿಟ್ಟು, ಹಗ್ಗ ತೆಗೆದು, ಮತ್ತೆ ಎಲ್ಲವನ್ನೂ ಒಳಗಿಟ್ಟು ಚೀಲದ ಬಾಯಿ ಕಟ್ಟಿ ಹೋಗಿದ್ದ.

ಗಂಡ ಬೆಟ್ಟಕ್ಕೆ ಹೋಗುವುದು ಹೆಂಡತಿ ಕಸ್ತೂರೆವ್ವನಿಗೆ ಬೇಡವಾಗಿತ್ತೆಂದು ಓಣಿಗೆಲ್ಲ ಗೊತ್ತು. ಮಗದುಮ್ಮರು ಕೇಳಿದರು: "ಹಗ್ಗ ನೀವ ಮುಚ್ಚಿಟ್ಟೀರೇನ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಪೈಕಿ ಅಲ್ಲ ಆಕೆ. "ಮುಚ್ಚಿಡೂದಿದ್ರ ಅವರ ಚಸ್ಮಾ ಮುಚ್ಚಿಡತಿದ್ದೆ ಸಾಹೇಬ್ರ. ಅಷ್ಟ ಭಾರದ ಹಗ್ಗ ಯಾಕ ಹೊರಲಿ?"

ಹೆಡ್ ಕಾನ್‌ಸ್ಟೇಬಲ್ ಬಾಳು ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. "ಸಾಹೇಬ್ರ, ಇಲ್ನೋಡ್ರಿ. ಹಳೇ ಸುತಳಿ ಹರದ ಬಿದ್ದೈತಿ. ಬಾಯಿ ಕಟ್ಟಿದ್ದು ಹೊಸಾ ಪುಂಡಿ ನಾರಲೆ. ಕೈಯಾಗ ಹೊಸೆದ ಕಟ್ಯಾರ."

ಮಗದುಮ್ಮರು ಆ ಎಳೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಸಮನಾದ ಹುರಿ, ಒಂದು ಕಡೆಯೂ ಸಡಿಲಿಲ್ಲ. ಕಳುವಿಗೆ ಬಂದವರು ಉಡಿಯಲ್ಲಿ ನಾರು ಇಟ್ಟುಕೊಂಡು ಬರುತ್ತಾರೆಯೇ? ಸುತಳಿ ಹರಿದರೆ ಕೂತು ಹೊಸೆದು ಕಟ್ಟುತ್ತಾರೆಯೇ? ಹುಟ್ಟುಗುಣ ಸುಟ್ಟರೂ ಹೋಗದು.

"ಹಗ್ಗ ಯಾರ ಕಡೆ ತಗೊಂಡಿದ್ರಿ ಮಾಸ್ತರ್ರ?"

"ನಮ್ಮೂರ ಲಗಮವ್ವನ ಕಡೆ. ನಲವತ್ತ ವರ್ಷದಿಂದ ಊರಿಗೆಲ್ಲ ಆಕೀದ ಹಗ್ಗ."

ಮಧ್ಯಾಹ್ನ ಮೂರಕ್ಕೆ ಮಗದುಮ್ಮರು ಸಿಬ್ಬಂದಿ, ಪಂಚರು ಮತ್ತು ಮಾಸ್ತರರ ಸಮೇತ ಲಗಮವ್ವನ ಅಂಗಳಕ್ಕೆ ಹೋದರು. ಕಳುವಾದ ಹಗ್ಗ ಮೂಲೆಯಲ್ಲೇ ಸುರುಳಿ ಬಿದ್ದಿತ್ತು. ಮುದುಕಿ ಮರದ ತಿರುಗಣಿಯ ಮುಂದೆ ಹೊಸ ಹಗ್ಗ ಹೊಸೆಯುತ್ತಿದ್ದಳು.

"ನೀನ ಒಯ್ದೇನ ಬೇ?" ಮಗದುಮ್ಮರು ಕೇಳಿದರು.

"ಹೌದ್ರಿ."

"ಮಾರಿದ ಮಾಲು ಕದಿಯೂದ್ಯಾಕ?"

ಲಗಮವ್ವ ತಲೆ ಎತ್ತಲಿಲ್ಲ. "ಆ ಹಗ್ಗದ ಪುಂಡಿ ನೆನೆ ಹಾಕಿದಾಗ ನನಗ ಜ್ವರ ಬಂದಿದ್ದುವ್ರಿ. ಪುಂಡಿ ಹಳ್ಳದಾಗ ಒಂದ ವಾರ ಹೆಚ್ಚಿಗೆ ನೆಂದು ನಾರು ಕೊಳೀತು. ಕಬ್ಬಿನ ಗಾಡಿಗೆ ನಡೀತೈತಿ ಅಂತ ಕೊಟ್ಟೆ. ಮಂಗಳವಾರ ಕಸ್ತೂರೆವ್ವ ಹೇಳಿದ್ಲು, ಐದ ಮಂದಿ ಅದಕ್ಕ ಜೋತಬೀಳಾವ್ರು ಅಂತ. ಎದಿ ಒಡದ್ಹಂಗ ಆತ್ರಿ. ಓಡಿ ಹೋಗಿ ಆ ಹಗ್ಗ ಬ್ಯಾಡ್ರಿ ಅಂದೆ. ಮಾಸ್ತರ್ರು ನಕ್ರು."

"ನಿನ್ನ ಹಗ್ಗ ಗಾಡಿ ತಡೀತೈತಿ, ನನ್ನ ತಡಿಯೂದಿಲ್ಲೇನ ಅಂದಿದ್ದೆ," ಎಂದರು ಮಾಸ್ತರರು.

"ಕೊಳತೈತಿ ಅಂತ ಬಾಯಿಬಿಟ್ಟ ಹೇಳೂದಿತ್ತಲ್ಲ?" ಎಂದರು ಮಗದುಮ್ಮರು.

"ಹೆಂಗ ಹೇಳಲ್ರಿ? ನಲವತ್ತ ವರ್ಷದಾಗ ನನ್ನ ಒಂದ ಹಗ್ಗ ಹರದಿಲ್ಲ. ನಾಚಿಕಿ ಆತ್ರಿ."

ಬಾಳು ಹಗ್ಗದ ಒಂದು ತುದಿಯನ್ನು ಬೇವಿನ ಮರಕ್ಕೆ ಬಿಗಿದ. ಪಂಚರ ಸಮಕ್ಷಮ ಇಬ್ಬರು ಕಾನ್‌ಸ್ಟೇಬಲ್‌ಗಳು ಜಗ್ಗಿದರು. ಹಗ್ಗ ಪಟ್ಟನೆ ಹರಿದು ಇಬ್ಬರೂ ಅಂಗಾತ ಬಿದ್ದರು. ಯಾರೂ ನಗಲಿಲ್ಲ. ಮಾಸ್ತರರು ನಕಾಶೆಯನ್ನು ಎದೆಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟರು.

ಮೂರು ನಲವತ್ತಕ್ಕೆ ದಸ್ತಗಿರಿ ದಾಖಲಾಯಿತು. ಮುದುಕಿ ಕೈಮುಗಿದಳು. "ಮಾಸ್ತರ್ರ ಹೊಸ ಹಗ್ಗ ಇನ್ನ ಹನ್ನೆರಡ ಮೊಳ ಉಳದೈತ್ರಿ. ಮುಗಿಸಿ ಜೇಲಿಗೆ ಬರತೇನಿ."

ಮಗದುಮ್ಮರು ಆರೋಪಿಯನ್ನೂ ತಿರುಗಣಿಯನ್ನೂ ಒಂದೇ ಜೀಪಿನಲ್ಲಿ ಹಾಕಿಸಿದರು. ಠಾಣೆಯ ಅಂಗಳದಲ್ಲಿ ಹೊಸೆತ ಮುಂದುವರಿಯಿತು. ಹಿಡಿಕೆ ತಿರುವಿದವನು ಬಾಳು, ಎದುರು ತುದಿ ಹಿಡಿದವರು ಫಿರ್ಯಾದಿ ಮಾಸ್ತರರು. ಆಕೆಗೆ ಜಾಮೀನು ನಿಂತವರೂ ಅವರೇ.

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯುವಾಗ ಮಗದುಮ್ಮರ ಪೆನ್ನು ತುಸು ತಡೆಯಿತು. ಆಮೇಲೆ ಬರೆದರು: "ಐದು ಜನರ ಜೀವ ಉಳಿಸುವುದು. ತನ್ನ ಹೆಸರನ್ನೂ."

ಹೊರಗೆ ಹಗ್ಗ ಮುಗಿದಿತ್ತು. "ಮೊದಲ ನಾನು ಜೋತಬೀಳತೇನಿ," ಎಂದಳು ಲಗಮವ್ವ. ಬಾಳು ಅದನ್ನು ಆವರಣದ ಆಲದ ಕೊಂಬೆಗೆ ಬಿಗಿದ. ಆಕೆ ಎರಡೂ ಕೈಯಲ್ಲಿ ಹಗ್ಗ ಹಿಡಿದು ಕಾಲು ಮೇಲೆತ್ತಿದಳು. ಪಂಚಮಿಯ ಜೋಕಾಲಿಯಲ್ಲಿದ್ದ ಹುಡುಗಿಯಂತೆ ಮುದುಕಿ ಠಾಣೆಯ ಅಂಗಳದಲ್ಲಿ ತೂಗಿದಳು. ಹಗ್ಗದ ಒಂದೆಳೆಯೂ ಹರಿಯಲಿಲ್ಲ.

"ಈಗ ಒಯ್ರಿ ಮಾಸ್ತರ್ರ," ಎಂದಳು ಕೆಳಗಿಳಿದು. ಸಂಜೆ ಐದೂವರೆಗೆ ಆಕೆಯನ್ನು ಬಿಡುಗಡೆ ಮಾಡಲಾಯಿತು.